ಪರದೇಶದಿಂದ ಬಂತು ಮೆಣಸಗಿಯ ಕುರಿಗಳಿಗೆ ಕರೆ

ಸೂಡಿ ಊರಿನ ಹೊರಗೆ, ಶೇಂಗಾ ಕಿತ್ತು ಬರಿದಾದ ಹೊಲದಲ್ಲಿ ಇನ್ನೂ ಮಬ್ಬು ಬೆಳಕು. ಸುತ್ತ ಬಲೆ ಕಟ್ಟಿ ಮಾಡಿದ ಹಟ್ಟಿಯೊಳಗೆ ಕುರಿಗಳು ಒಂದಕ್ಕೊಂದು ಆತುಕೊಂಡು ಮಲಗಿವೆ. ಅವುಗಳ ನಡುವೆ ಸೊಂಟ ಬಗ್ಗಿಸಿ ಅಮೋಘಸಿದ್ದ ಓಡಾಡುತ್ತಿದ್ದಾರೆ. ಒಂದರ ಕಾಲೆತ್ತಿ ಗೊರಸು ನೋಡುತ್ತಾರೆ, ಇನ್ನೊಂದರ ಮೂಗನ್ನು ತಮ್ಮ ಧೋತರದ ಚುಂಗಿನಿಂದಲೇ ಒರೆಸುತ್ತಾರೆ, ರಾತ್ರಿಯಷ್ಟೇ ಹುಟ್ಟಿದ ಮರಿಯನ್ನು ಎತ್ತಿ ತಾಯಿಯ ಕೆಚ್ಚಲಿಗೆ ಹಚ್ಚುತ್ತಾರೆ. ಮರಿ ಮುಖ ತಿರುವಿದರೆ ಗದರಿಕೆ ಬೇರೆ. "ಕುಡಿಯಲೇ ಭಾಡ್ಯಾ, ಬಿಸಿಬಿಸಿ ಐತಿ!"

ಬಲೆಯ ಆಚೆ ಮೂರು ಕಲ್ಲಿನ ಒಲೆಯ ಮುಂದೆ ಅವರ ಹೆಂಡತಿ ಮಾಯವ್ವ ರೊಟ್ಟಿ ಬಡಿಯುತ್ತಿದ್ದಾರೆ. ಅಮೋಘಸಿದ್ದರ ತಮ್ಮ ಮೈಲಾರಿ ಬಲೆಯ ಗೂಟಗಳನ್ನು ಒಂದೊಂದಾಗಿ ಕೀಳುತ್ತಿದ್ದಾನೆ. ರಾತ್ರಿಯಿಡೀ ಕುರಿ ಮಲಗಿದ ಈ ಹೊಲಕ್ಕೆ ಈಗ ಪುಕ್ಕಟೆ ಅಲ್ಲದಿದ್ದರೂ ಒಳ್ಳೆಯ ಗೊಬ್ಬರ ಸಿಕ್ಕಿದೆ. ಹೊಲದವರು ಅದಕ್ಕೆ ಬದಲಾಗಿ ಜೋಳ ಕೊಡುತ್ತಾರೆ. ಇವತ್ತು ಈ ಹೊಲ, ನಾಳೆ ಪಕ್ಕದ ಹೊಲ, ಮುಂದಿನ ವಾರ ಬೇರೆ ಊರು. ಗಜೇಂದ್ರಗಡದ ಗುಡ್ಡದಿಂದ ರೋಣದ ಎರೆಭೂಮಿ ದಾಟಿ ನರಗುಂದದವರೆಗೆ ಇವರದು ಹೀಗೇ ವರ್ಷಪೂರ್ತಿ ಸಂಚಾರ.

ಇನ್ನೂರಕ್ಕೂ ಮಿಕ್ಕ ಕರಿ ಕುರಿ, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಪುರ್ತಗೇರಿಯಲ್ಲಿ ಸ್ವಂತ ಮನೆ ಇದೆ, ಆದರೆ ಅದರ ಸೂರಿನ ಕೆಳಗೆ ಇವರು ಮಲಗಿದ ರಾತ್ರಿಗಳನ್ನು ಕೈಬೆರಳಲ್ಲಿ ಲೆಕ್ಕ ಹಾಕಬಹುದು. ಮಳೆ ಬಂದರೆ ಕಂಬಳಿಯ ಕೊಪ್ಪೆಯೇ ಮನೆ. ಗುಡ್ಡದ ತೋಳ ಹೊಂಚು ಹಾಕುವುದು ತಪ್ಪಿದ್ದಲ್ಲ. ನೀಲಿ ನಾಲಿಗೆ ಬೇನೆ ಬಂದ ವರ್ಷ ಅರ್ಧ ಹಿಂಡೇ ಕಣ್ಣ ಮುಂದೆ ಸತ್ತಿತ್ತು. "ಆವಾಗ ಇಕಿ ಮೂರು ದಿನ ಒಲಿ ಹಚ್ಚಲಿಲ್ರಿ" ಎಂದು ಅಮೋಘಸಿದ್ದ ಮಾಯವ್ವನ ಕಡೆ ಕೈ ಮಾಡುತ್ತಾರೆ. ಮಾಯವ್ವ ಇನ್ನೊಂದು ರೊಟ್ಟಿ ಹಂಚಿಗೆ ಹಾಕುತ್ತಾರೆ.

ಇಂಥ ಮನುಷ್ಯ ಹೋದ ವರ್ಷ ವಿಮಾನ ಹತ್ತಿ ಸ್ಪೇನ್ ದೇಶಕ್ಕೆ ಹೋಗಿ ಬಂದಿದ್ದಾರೆ ಎಂದರೆ ಸೂಡಿಯವರೇ ನಂಬುವುದಿಲ್ಲ. ಕರಿ ಉಣ್ಣೆಯ ಕಂಬಳಿ ಉಳಿಸಬೇಕೆಂದು ಓಡಾಡುವ ಒಂದು ಸಣ್ಣ ಸಂಸ್ಥೆಯವರು ಅಲ್ಲಿನ ಕುರಿಗಾರರ ಮೇಳಕ್ಕೆ ಇವರನ್ನು ಕರೆದೊಯ್ದಿದ್ದರು. ಹೆಗಲ ಮೇಲೆ ಕಂಬಳಿ ಹೊತ್ತು, ಉಣ್ಣೆ ನೂಲುವ ಕದರು ಹಿಡಿದು ಅಮೋಘಸಿದ್ದ ಹೋಗಿಯೇಬಿಟ್ಟರು. ಅಲ್ಲಿ ಕಂಡದ್ದನ್ನು ಹೇಳುವಾಗ ಈಗಲೂ ಅವರ ಹುಬ್ಬುಗಳು ಮೇಲೇರುತ್ತವೆ. "ಅಲ್ಲಿ ಕುರಿ ಕಾಯಾಂವ ಕಾರಿನ್ಯಾಗ ಬರ್ತಾನ್ರಿ. ಅವಾ ಬಾಯಿನ ಬಿಡಂಗಿಲ್ಲ, ನಾಯಿ ಎಲ್ಲಾ ಮಾಡತೈತಿ. ಕುರಿಗೆ ಅವನ ದನಿ ಗೊತ್ತ ಇಲ್ಲ! ನನಗ ಎದಿ ಝಲ್ ಅಂತು."

ದನಿಯ ಮಾತಿಗೆ ಅವರು ಅಷ್ಟು ಬೆಚ್ಚಿದ್ದಕ್ಕೆ ಕಾರಣವಿದೆ. ಇವರ ಹಿಂಡು ನಡೆಯುವ ರೀತಿಯೇ ಬೇರೆ. ಮೈಲಾರಿ ಮತ್ತು ಮಾಯವ್ವ ಹಿಂದೆ, ಅಮೋಘಸಿದ್ದ ಮುಂದೆ. ಹಳ್ಳ ಬಂದರೆ, ರಸ್ತೆ ಬಂದರೆ, ಮೊದಲು ಅವರು ದಾಟಿ ಆಚೆ ನಿಂತು ಕರೆಯಬೇಕು. ಹಿಂಡಿನಲ್ಲಿ ಕೆಂಚಿ ಎಂಬ ಒಂದೇ ಒಂದು ಕೆಂಪು ಹೆಣ್ಣು ಕುರಿ ಇದೆ. ಕರೆ ಬಿದ್ದರೆ ಮೊದಲು ಹೆಜ್ಜೆ ಹಾಕುವವಳು ಅವಳು, ಅವಳ ಬಾಲ ಹಿಡಿದು ಉಳಿದವು. ಮೈಲಾರಿ ಗಂಟಲು ಹರಿದುಕೊಂಡರೂ ಅವು ಅವನ ಮಾತಿಗೆ ಕವಡೆ ಕಿಮ್ಮತ್ತು ಕೊಡುವುದಿಲ್ಲ, ಏಕೆಂದರೆ ಅವನು ಯಾವತ್ತೂ ಹಿಂದೆ ಇರುವವನು. ಹದಿನೈದು ದಿನದ ಪ್ರವಾಸಕ್ಕೆ ಹೊರಡುವಾಗ ಅಮೋಘಸಿದ್ದ ಮರೆತದ್ದು ಇದೊಂದನ್ನೇ. ಹೊಳೆಯ ಹತ್ತಿರ ಹೋಗಬೇಡಿ ಎಂದು ಹೇಳಿದ್ದರು. ಆದರೆ ಹಳ್ಳ ಹೊಳೆ ಕೂಡುವ ಮೆಣಸಗಿಯ ಹೊಲದವರೊಬ್ಬರು ಜೋಳ ಬಿತ್ತುವ ಮೊದಲು ಕುರಿ ನಿಲ್ಲಿಸಿ ಎಂದು ಕರೆದರು, ಮಳೆಯೂ ನಿಂತು ಹೊಳವಾಗಿತ್ತು, ಮೈಲಾರಿ ಹಿಂಡನ್ನು ಹಳ್ಳದ ಒಣ ಒಡ್ಡಿನ ಮೇಲಿಂದ ಅಲ್ಲಿಗೆ ಹೊಡೆದುಕೊಂಡು ಹೋದ.

ಇತ್ತ ಅಮೋಘಸಿದ್ದ ಒಬ್ಬರೇ ವಾಪಸು ಹೊರಟಿದ್ದರು. ಸಂಸ್ಥೆಯವರು ಅಲ್ಲೇ ಇನ್ನೊಂದು ವಾರ ಉಳಿದಿದ್ದರು. ನಡುವೆ ಅರಬರ ದೇಶದ ದೊಡ್ಡ ನಿಲ್ದಾಣದಲ್ಲಿ ಇಳಿದು ಬೆಂಗಳೂರಿನ ವಿಮಾನ ಹಿಡಿಯಬೇಕು. ಬೆಳಿಗ್ಗೆ ಹೊರಡಬೇಕಾದ ಆ ವಿಮಾನದಲ್ಲಿ ಏನೋ ಕೆಟ್ಟಿತ್ತಂತೆ. ಮೊದಲು ಮಧ್ಯಾಹ್ನ ಎಂದರು, ಆಮೇಲೆ ಸಂಜೆ ಎಂದರು, ಕೊನೆಗೆ ನಾಳೆ ಮುಂಜಾನೆ ಎಂದರು. ಜನ ಹುಚ್ಚೆದ್ದರು. ಕೋಟು ತೊಟ್ಟವರೊಬ್ಬರು ಕೌಂಟರಿನ ಮೇಲೆ ಗುದ್ದಿದರು, ಒಬ್ಬ ಹೆಂಗಸು ಕುಳಿತಲ್ಲೇ ಅತ್ತುಬಿಟ್ಟಳು.

"ಮಳಿ ನಿಲ್ಲಲಿ ಅಂತ ಎರಡ ಎರಡ ದಿನ ಕೊಪ್ಪಿಯೊಳಗ ಕುಂತಾಂವ್ರಿ ನಾ. ಇಲ್ಲಿ ತಲಿ ಮ್ಯಾಲೆ ಸೂರ ಐತಿ, ತಂಪ ಗಾಳಿ ಐತಿ, ನಳಾ ತಿರುವಿದ್ರ ನೀರ ಬರ್ತಾವು. ಈ ಮಂದಿ ಯಾಕ ಹಿಂಗ ಒದರ್ಯಾಡ್ತಾರ ಅಂತ ನನಗ ಗಾಬರಿ ಆತು." ಗಾಬರಿಯಾದರೂ ಅವರು ಮಾಡಿದ್ದು ತಮಗೆ ಗೊತ್ತಿದ್ದ ಕೆಲಸವನ್ನೇ. ಕಂಬದ ಪಕ್ಕ ಕಂಬಳಿ ಹಾಸಿದರು, ಪಾದರಕ್ಷೆ ಬಿಚ್ಚಿ ಬದಿಗಿಟ್ಟರು, ಕದರು ತೆಗೆದು ಉಣ್ಣೆ ನೂಲಲು ಕುಳಿತರು. ನೋಡನೋಡುತ್ತ ಮಕ್ಕಳು ಬಂದು ಸುತ್ತ ಕುಳಿತವು. ಆಗ ಅತ್ತಿದ್ದ ಹೆಂಗಸೂ ಬಂದು ಕಂಬಳಿಯ ಅಂಚಿಗೆ ಕುಳಿತಳು. ಭಾಷೆ ಯಾರಿಗೂ ಬಾರದು. ಮಾಯವ್ವ ಒಣಗಿಸಿ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿಯ ಕೊನೆಯ ಚೂರುಗಳು ಕೈಯಿಂದ ಕೈಗೆ ಹೋದವು.

ಅಷ್ಟರಲ್ಲಿ ತಲೆಯ ಮೇಲಿಂದ ಒಂದು ದನಿ ಬಂತು. "ಕಾಕಾ, ಇದು ನಮ್ಮ ಕಡೀ ಕಂಬಳಿ ಅಲ್ಲೇನ್ರಿ?" ಯಾಸ್ಮಿನ. ಗಜೇಂದ್ರಗಡದ ಹುಡುಗಿ, ಕೊಲ್ಲಿ ದೇಶದ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ತಂಗಿಯ ಮದುವೆಗೆಂದು ಊರಿಗೆ ಹೊರಟಿದ್ದಳು. ಪರದೇಶದಲ್ಲಿ ಪುರ್ತಗೇರಿಯ ಮಾತು ಕೇಳಿ ಅವಳ ಕಣ್ಣು ತುಂಬಿದ್ದವಂತೆ, ಅವರವೂ. ಇಬ್ಬರೂ ಊರು ಕೇರಿ ಎಲ್ಲ ಮಾತಾಡಿ ಮುಗಿಸಿದರು. ತಡವಾಗುತ್ತದೆ ಎಂದು ಮನೆಗೊಂದು ಮಾತು ಹೇಳಿಬಿಡಿ ಎಂದು ಯಾಸ್ಮಿನ ತನ್ನ ಮೊಬೈಲಿನಿಂದ ಮೈಲಾರಿಗೆ ಫೋನ್ ಹಚ್ಚಿ ಕೊಟ್ಟಳು.

ಆಚೆಯಿಂದ ಮೊದಲು ಕೇಳಿದ್ದು ಮೈಲಾರಿಯ ದನಿಯಲ್ಲ, ನೀರಿನ ಭೋರಾಟ.

"ಯಣ್ಣಾ, ಬೆಣ್ಣಿಹಳ್ಳ ಏರಾಕತ್ತೈತಿ! ಮ್ಯಾಲೆ ಎಲ್ಲೋ ಚಿತ್ತಿ ಮಳಿ ಹೊಡದೈತಿ. ಎಡಕ್ಕ ಹಳ್ಳ, ಬಲಕ್ಕ ಹೊಳಿ. ಕುರಿ ದಿಬ್ಬದ ಮ್ಯಾಲೆ ನಿಂತಾವು. ಒಡ್ಡಿನ ಮ್ಯಾಲೆ ಗೇಣುದ್ದ ನೀರ ಬಂದೈತಿ, ಒಂದೂ ಇಳೀವಲ್ವು!"

"ಮಾಯಿ ಎಲ್ಲದಾಳೋ?"

"ವೈನಿ ಕುರಿ ಜೋಡಿನ ಅದಾಳ. ಬಾ ಅಂದ್ರ ಬರವಲ್ಲಳು. ಕುರಿ ದಾಟಿದ ಮ್ಯಾಲೆ ದಾಟ್ತೇನಿ ಅಂತಾಳ."

ಅಮೋಘಸಿದ್ದರ ಕೈಯಿಂದ ಕದರು ಬಿತ್ತು. ನೂಲು ನೆಲದ ಮೇಲೆ ಹರಡಿತು. ಕಾಯುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ ಮನುಷ್ಯನಿಗೆ ಒಂದು ಗಳಿಗೆ ಕಾಯುವುದೂ ಆಗಲಿಲ್ಲ. ಎದ್ದು ಗಾಜಿನ ಗೋಡೆಯತ್ತ ನಾಲ್ಕು ಹೆಜ್ಜೆ ಓಡಿದರು, ಅಲ್ಲಿ ಬಾಗಿಲೇ ಇರಲಿಲ್ಲ. ಆಚೆ ಬಿಸಿಲು, ನಿಂತ ವಿಮಾನಗಳು. "ಎತ್ಲಾಗ ಓಡ್ಲಿರಿ? ಹೊಳಿ ಯಾವ ದಿಕ್ಕಿಗೈತಿ ಅನ್ನೂದ ತಿಳೀಲಿಲ್ಲ" ಎನ್ನುತ್ತಾರೆ. ಇದನ್ನು ಹೇಳುವಾಗ ಅವರ ಕೈಯಲ್ಲಿದ್ದ ಮರಿ ಹಿಡಿತ ಬಿಗಿಯಾಗಿ ಅರಚುತ್ತದೆ.

ಉಪಾಯ ಹೊಳೆದದ್ದು ಯಾಸ್ಮಿನಳಿಗೆ. ಇಲ್ಲಿಂದಲೇ ಕರೆಯಿರಿ ಕಾಕಾ, ಫೋನಿನ ದನಿ ದೊಡ್ಡದು ಮಾಡಲು ಹೇಳಿ ಎಂದಳು. ಮೈಲಾರಿ ಹಿಂಡಿನ ನಡುವೆ ನಿಂತು ಮೊಬೈಲು ಎತ್ತಿ ಹಿಡಿದ. ಅಮೋಘಸಿದ್ದ ಸಣ್ಣ ದನಿಯಲ್ಲಿ, ಸುತ್ತಲಿನ ಮಂದಿಗೆ ಅಂಜಿ, ಬಾಯಿಗೆ ಕೈ ಅಡ್ಡ ಹಿಡಿದು ಕರೆದರು. ಆಗಬಾರದ್ದು ಆಯಿತು. ಕುರಿಗಳು ಕಿವಿ ನಿಮಿರಿಸಿದವು, ಆದರೆ ದನಿ ಬಂದದ್ದು ಹಿಂಡಿನೊಳಗಿಂದ! ಧಣಿ ಇಲ್ಲೇ ಇದ್ದಾನೆಂದು ತಿಳಿದು ಎಲ್ಲವೂ ಮೈಲಾರಿಯ ಕಾಲಿಗೆ ಮುತ್ತಿ ಇನ್ನಷ್ಟು ಗಟ್ಟಿಯಾಗಿ ನಿಂತುಬಿಟ್ಟವು. ನೀರು ಆಗಲೇ ಗೇಣಿನಿಂದ ಮೊಳಕ್ಕೆ ಏರುತ್ತಿತ್ತು.

"ಹುಚ್ಚಾ, ನಾ ಯಾವಾಗರ ಹಿಂಡಿನ ನಡುವ ನಿಂತು ಕರದೇನೇನೋ? ಫೋನ ತಗೊಂಡು ಆಚಿ ದಂಡಿಗೆ ಹೋಗು!" ಎಂದು ಅಮೋಘಸಿದ್ದ ಕಿರುಚಿದರು.

ಆಚೆ ದಂಡೆಯ ರಸ್ತೆಯಲ್ಲಿ ಮೆಣಸಗಿ ಪಂಚಾಯಿತಿಯ ಕಸದ ಗಾಡಿ ನಿಂತಿತ್ತು. ದಿನಾ ಮುಂಜಾನೆ ಹಸಿ ಕಸ, ಒಣ ಕಸ ಎಂದು ಊರು ಸುತ್ತುವ ಗಾಡಿ. ಅವತ್ತು ಅದರ ಡ್ರೈವರ್ ಕನಕಪ್ಪ, ಹೊಳೆದಂಡೆಯವರು ಮೇಲೆ ಬನ್ನಿ ಎಂದು ಮೈಕಿನಲ್ಲಿ ಕೂಗುತ್ತ ಬಂದಿದ್ದ. ಮೈಲಾರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೊಬೈಲನ್ನು ರುಮಾಲಿನಲ್ಲಿ ಸುತ್ತಿ ತಲೆಯ ಮೇಲಿಟ್ಟು, ಒಡ್ಡು ದಾಟಿ ಅವನ ಬಳಿ ಹೋದ. ದಿಬ್ಬದ ಮೇಲೆ ಉಳಿದವರು ಮಾಯವ್ವ ಮತ್ತು ಕುರಿಗಳು.

ಕನಕಪ್ಪನ ದನಿ ಫೋನಿನಲ್ಲಿ ಬಂತು. "ಅಮೋಘಣ್ಣಾ, ಮೈಕಿಗೆ ಹಿಡದೇನಿ. ಎಷ್ಟು ಜೋರ ಆಕ್ಕೈತಿ ಅಷ್ಟು ಜೋರ ಒದರು. ವ್ಯಾಳ್ಯಾ ಇಲ್ಲ!"

ಅಮೋಘಸಿದ್ದ ಸುತ್ತ ನೋಡಿದರು. ಹೊಳೆಯುವ ನೆಲ, ಅತ್ತರಿನ ಅಂಗಡಿ, ಪಿಸುಮಾತಿನಲ್ಲಿ ಕಾಫಿ ಕುಡಿಯುವ ಜನ. ಹಿಂಡಿನ ಕರೆಯೆಂದರೆ ಬಯಲಿಗೆ ಹೇಳಿಮಾಡಿಸಿದ್ದು, ಸೂರಿನ ಕೆಳಗೆ ಅದನ್ನು ಯಾರೂ ಕೂಗಿದ್ದಿಲ್ಲ. ಅವರು ಕಿವಿಗೊಂದು ಬೆರಳು ಒತ್ತಿದರು, ಕಣ್ಣು ಮುಚ್ಚಿದರು, ಬಾಯಿ ತೆರೆದರು.

"ಟ್ರ್‌ರ್‌ರ್... ಹೋಯ್ ಹೋಯ್ ಹೋಯ್... ಬಾರ ನನ್ನವ್ವಾ ಕೆಂಚೀ... ಬಾರಾ..."

ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡಿತು. ಯಾರದೋ ಕೈಯಿಂದ ಲೋಟ ಬಿದ್ದು ಒಡೆಯಿತು. ಒಬ್ಬ ತಾಯಿ ಮಗುವನ್ನು ಎಳೆದುಕೊಂಡು ಕಂಬದ ಮರೆಗೆ ಸರಿದಳು. ಎರಡು ಕಡೆಯಿಂದ ಕಾವಲಿನವರು ಓಡಿ ಬಂದರು. ಒಬ್ಬ ತೋಳು ಹಿಡಿದ, ಇನ್ನೊಬ್ಬ ಮೊಬೈಲಿಗೆ ಕೈ ಹಾಕಿದ. ಯಾಸ್ಮಿನ ಅಡ್ಡ ನಿಂತು ಆ ದೇಶದ ಭಾಷೆಯಲ್ಲಿ ಒಂದೇ ಉಸಿರಿಗೆ ಏನೇನೋ ಹೇಳಿದಳು. ಅವರು ನಂಬಲಿಲ್ಲ. ಯಾರು ತಾನೇ ನಂಬಿಯಾರು? ಹಿಂದೂಸ್ತಾನದಲ್ಲಿ ಕುರಿ ಮುಳುಗುತ್ತಿವೆ, ಅದಕ್ಕೆ ಈತ ಇಲ್ಲಿ ಕೂಗುತ್ತಿದ್ದಾನೆ ಎಂದರೆ! ಯಾಸ್ಮಿನ ಮೊಬೈಲನ್ನು ಕಾವಲುಗಾರನ ಕಿವಿಗೇ ಹಿಡಿದಳು. ಅವನ ಮುಖ ಬಿಳುಚಿತು. ನೀರಿನ ಭೋರಾಟ, ನೂರಾರು ಕುರಿಗಳ ಅರಚಾಟ, ನಡುವೆ ಒಬ್ಬ ಹೆಂಗಸಿನ ಕೂಗು. ತೋಳು ಬಿಟ್ಟ. ಕೂಗು, ಕೂಗು ಎಂದು ಕೈಸನ್ನೆ ಮಾಡಿದ.

ಅಮೋಘಸಿದ್ದ ಕೂಗಿದರು. ಗಂಟಲ ನರ ಹುರಿಯಾಗುವಂತೆ ಕೂಗಿದರು. ಮೂರನೆಯ ಕೂಗಿಗೋ ನಾಲ್ಕನೆಯ ಕೂಗಿಗೋ ಕನಕಪ್ಪ ಹುಚ್ಚನ ಹಾಗೆ ಕಿರುಚಿದ್ದು ಕೇಳಿತು. "ಕೆಂಚಿ ಇಳದ್ಳು! ಯಣ್ಣಾ, ಕೆಂಚಿ ಇಳದ್ಳು! ನಿಲ್ಲಸಬ್ಯಾಡ!"

ಎಷ್ಟು ಹೊತ್ತು ಕೂಗಿದರೋ ಅವರಿಗೇ ತಿಳಿಯದು. ಕಣ್ಣಿಗೆ ಏನೂ ಕಾಣುವಂತಿಲ್ಲ, ಕಿವಿಯೊಂದೇ ಆಸರೆ. ನೀರು ಸೀಳುವ ಸಪ್ಪಳ, ಮೈಲಾರಿಯ ಬೈಗುಳ, ಮರಿಗಳ ಅಳು. ಕೊನೆಗೆ ಎಲ್ಲ ದನಿಗಳ ಹಿಂದಿನಿಂದ ಏದುಸಿರು ಬಿಡುತ್ತ ಮಾಯವ್ವನ ಮಾತು ಬಂತು. "ಬಂದೇನ್ರಿ. ಎಲ್ಲಾ ಬಂದಾವು. ಎರಡು ಮರಿ ಕೈ ತಪ್ಪಿದವ್ರಿ."

ಅವರು ಕುಸಿದು ಕುಳಿತರು. ಅಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಮೊದಲು ಕೌಂಟರಿಗೆ ಗುದ್ದಿದ್ದ ಕೋಟಿನವರು ನೀರಿನ ಬಾಟಲಿ ತಂದು ಬಾಯಿಗೆ ಹಿಡಿದರು. ಆ ಚಪ್ಪಾಳೆ ಕೇಳಿ ಅಮೋಘಸಿದ್ದರಿಗೆ ಮತ್ತೊಮ್ಮೆ ದಿಗಿಲಾಯಿತು. "ಎರಡು ಮರಿ ಹೋಗ್ಯಾವು, ಹೇಣ್ತಿ ಸಾವಿನ ಬಾಯಾಗಿಂದ ಬಂದಾಳ, ಇವರ್ಯಾಕ ಚಪ್ಪಾಳಿ ಹೊಡೀತಾರ ಅಂತ ನನಗ ತಿಳೀಲೇ ಇಲ್ಲ."

ಆದರೆ ಅವರನ್ನು ನಿಜವಾಗಿ ಅಲ್ಲಾಡಿಸಿದ ಸುದ್ದಿ ಬಂದದ್ದು ಆಮೇಲೆ. ವಿಮಾನದ ಸುಳಿವಿರಲಿಲ್ಲ. ಯಾಸ್ಮಿನಳಿಗೆ ಹೇಳಿ ಇನ್ನೊಮ್ಮೆ ಫೋನ್ ಹಚ್ಚಿಸಿದರು. ಮಾಯವ್ವ ಎತ್ತಿದರು. ಹಿಂದೆ ಕುರಿಗಳು ಇನ್ನೂ ಅರಚುತ್ತಲೇ ಇದ್ದವು.

"ಈಗ್ಯಾಕ ಒದರಾಕತ್ತಾವು? ದಂಡಿಗೆ ಬಂದಾವಲ್ಲ?"

"ನಿಮ್ಮನ್ನ ಹುಡುಕಾಕತ್ತಾವ್ರಿ. ಕಸದ ಗಾಡಿ ಸುತ್ತ ಸುತ್ತಾಕತ್ತಾವು. ಕೆಂಚಿ ಮುಂಗಾಲು ಎತ್ತಿ ಗಾಡಿಯೊಳಗ ಇಣಕಿ ನೋಡಿದ್ಳು. ಎಷ್ಟು ಹೊಡದ್ರೂ ಗಾಡಿ ಬಿಟ್ಟು ಹೋಗವಲ್ವು. ನೀವು ಅದರಾಗ ಅದೀರಿ ಅಂತ ತಿಳದಾವು."

ಅಮೋಘಸಿದ್ದ ಫೋನನ್ನು ಯಾಸ್ಮಿನಳ ಕೈಗೆ ಕೊಟ್ಟು ಕಂಬಳಿ ಮುಸುಕು ಹಾಕಿಕೊಂಡರು. ಅದುವರೆಗೆ ಬಾರದ ಅಳು ಆಗ ಬಂತು. ಮಕ್ಕಳು ಸುತ್ತ ನಿಂತು ನೋಡಿದವು, ಯಾರೋ ಒಬ್ಬ ಹುಡುಗಿ ನೆಲದ ಮೇಲೆ ಹರಡಿದ್ದ ನೂಲನ್ನು ಆಯ್ದು ಪಕ್ಕದಲ್ಲಿಟ್ಟಳು. ಮರುದಿನ ವಿಮಾನ ಹೊರಡುವವರೆಗೆ ಅವರು ಮತ್ತೆ ಕದರು ಮುಟ್ಟಲಿಲ್ಲ.

ಊರಿಗೆ ಬಂದವರು ಮನೆಗೂ ಹೋಗದೆ ನೇರ ಹಿಂಡಿದ್ದ ಹೊಲಕ್ಕೆ ನಡೆದರು. ಬದುವಿನ ಮೇಲೆ ನಿಂತು ಕರೆದರು. ಕುರಿಗಳು ತಲೆ ಎತ್ತಿದವು, ಅತ್ತಿತ್ತ ನೋಡಿದವು, ಮತ್ತೆ ಮೇಯತೊಡಗಿದವು. ಒಂದೂ ಬರಲಿಲ್ಲ. ಕೆಂಚಿಯಂತೂ ಬೆನ್ನು ತಿರುಗಿಸಿ ನಿಂತಳು. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದ ಮನುಷ್ಯ, ತಮ್ಮ ಕರೆಗೆ ತಮ್ಮ ಹಿಂಡು ಬಾರದ್ದನ್ನು ಅವತ್ತೇ ಮೊದಲು ಕಂಡರು. "ಪರದೇಶದಾಗ ಏನೇನೋ ನೋಡಿ ಬೆರಗಾಗಿದ್ನೆಲ್ರಿ, ಅದ್ಯಾವುದೂ ಇದರ ಮುಂದ ಏನೂ ಅಲ್ಲ. ಕಾಲಾಗಿನ ನೆಲಾನ ಹೋದಂಗಾತು" ಎನ್ನುತ್ತಾರೆ.

ವಿಮಾನದ ಸಾಬೂನಿನ ವಾಸನೆ ಇರಬೇಕೆಂದು ಮೈಲಾರಿ ಸಮಾಧಾನ ಹೇಳಿದ. ಬಟ್ಟೆ ಬದಲಿಸಿದರು, ಹಟ್ಟಿಯ ಗೊಬ್ಬರದಲ್ಲೇ ಮಲಗೆದ್ದರು. ಉಪಯೋಗವಾಗಲಿಲ್ಲ. ಆಮೇಲೆ ಎಷ್ಟೋ ದಿನ ಕರೆಯುವುದನ್ನೇ ಬಿಟ್ಟು, ಒಂದೊಂದರ ಬಳಿಗೂ ತಾವೇ ನಡೆದು ಹೋಗಿ ಮೈ ಸವರಿದರು, ಕೈಯಿಂದ ಹುರುಳಿ ತಿನ್ನಿಸಿದರು. ಗೆದ್ದ ಕಥೆ ಕೇಳಲು ಬಂದ ಊರವರಿಗೆ ಅವರ ಸಪ್ಪೆ ಮೋರೆ ಕಂಡು ಸೋಜಿಗ. ಜೀವ ಉಳಿಸಿದ್ದೀಯಲ್ಲೋ ಮಾರಾಯ, ಇನ್ನೇನು ಬೇಕು ನಿನಗೆ ಎಂದು ಕನಕಪ್ಪ ಬೈದೂ ನೋಡಿದ.

"ಅವಗೋಳಿಗೆ ಏನ್ ಗೊತ್ರಿ ಫೋನು ಮೈಕು? ನಾ ಕರದ್ರ ನಾ ಅಲ್ಲಿರ್ತೇನಿ, ಅಷ್ಟ ಅವಕ್ಕ ಗೊತ್ತು. ಅಂಜಿಕೊಂಡು ನೀರಾಗ ಇಳದು ಬಂದ್ವು, ಬಂದು ನೋಡಿದ್ರ ನಾ ಇಲ್ಲ. ಉಳಸಾಕ ಮಾಡಿದ್ದು ಖರೇ, ಆದ್ರ ಮೋಸ ಮೋಸಾನ ಅಲ್ರಿ?" ಅಮೋಘಸಿದ್ದ ನಮ್ಮ ಮುಖವನ್ನೇ ನೋಡುತ್ತಾರೆ.

ಬಿಸಿಲು ಏರಿದೆ. ಮೈಲಾರಿ ಬಲೆ ಸುತ್ತಿ ಹೆಗಲಿಗೇರಿಸಿದ್ದಾನೆ, ಮಾಯವ್ವ ಒಲೆಯ ಬೆಂಕಿಗೆ ನೀರು ಚಿಮುಕಿಸಿ ಬುಟ್ಟಿ ಹೊತ್ತಿದ್ದಾರೆ. ಈ ವರ್ಷವೂ ಬನ್ನಿ ಎಂದು ಸ್ಪೇನಿನವರ ಕರೆ ಬಂದಿದೆಯಂತೆ. ಹೋಗುವಿರಾ ಎಂದರೆ ಅಮೋಘಸಿದ್ದ ನಕ್ಕು ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಹೊಲದ ಆಚೆ ಅಂಚಿಗೆ ನಡೆದು ಹೋಗಿ ಹಿಂಡಿನತ್ತ ತಿರುಗಿ ಒಂದು ಕೂಗು ಹಾಕುತ್ತಾರೆ. ಕೆಂಚಿ ಕಿವಿ ನಿಮಿರಿಸುತ್ತಾಳೆ, ಹೊರಡುತ್ತಾಳೆ, ಅವಳ ಹಿಂದೆ ಕರಿ ಹಿಂಡು ಧೂಳೆಬ್ಬಿಸಿ ಹೊರಡುತ್ತದೆ. ಹತ್ತಿರ ಬಂದವಳು ಮುಂದೆ ಸಾಗುವುದಿಲ್ಲ. ಅವರ ಕೈ ಮೂಸುತ್ತಾಳೆ, ಧೋತರ ಮೂಸುತ್ತಾಳೆ, ಪಾದ ಮೂಸುತ್ತಾಳೆ. ಹಿಂದಿನವು ಕಾಯುತ್ತವೆ. ಆಮೇಲಷ್ಟೇ ದಾರಿ ಹಿಡಿಯುತ್ತವೆ.

"ಈಗ ಕರದ್ರ ಬರ್ತಾವ್ರಿ. ಬಂದು ದಿನಾ ಹಿಂಗ ಮೂಸಿ ನೋಡ್ತಾವು, ಖರೇನ ನಾ ಇಲ್ಲೆ ಅದೇನೋ ಇಲ್ಲೋ ಅಂತ" ಎನ್ನುತ್ತ ಅವರು ಕೆಂಚಿಗೆ ತಮ್ಮ ಇನ್ನೊಂದು ಕೈಯನ್ನೂ ಒಡ್ಡುತ್ತಾರೆ. "ನೋಡ್ಲಿ ಬಿಡ್ರಿ. ನಾ ಅದೇನಿ."